ಹಳೇ ಜಿಪ್ಸಿಗೆ ಹೊಸ ಕ್ಯಾಮ್ ಶಾಫ್ಟ್ ಹಾಕಿದ ಮೇಲೆ ಟ್ಯಾಪೆಟ್ ಗ್ಯಾಪ್ ನಿಲ್ಲುವುದಿಲ್ಲ

ಪೆರ್ಲ ತೋಟ

ಗಾಡಿ ಮಾರುತಿ ಜಿಪ್ಸಿ, ಹಳೇ 970 ಸಿಸಿ ಎಂಜಿನ್, ಕಾರ್ಬುರೇಟರಿನದ್ದು. 3ನೇ ಸಿಲಿಂಡರಿನ ಎಕ್ಸಾಸ್ಟ್ ಲೋಬ್ (ಕ್ಯಾಮಿನ ಮೇಲೆ ವಾಲ್ವ್ ತೆರೆಸುವ ಉಬ್ಬು), 4ನೇದರ ಇನ್‌ಟೇಕ್ ಲೋಬ್ ಎರಡೂ ಸವೆದು ತುದಿ ಚಪ್ಪಟೆಯಾಗಿತ್ತು. ಹೊಸ ಕ್ಯಾಮ್, ಹೊಸ ಟೈಮಿಂಗ್ ಬೆಲ್ಟ್ ಹಾಕಿ ಆಯಿತು. ರಾಕರ್ (ಲೋಬಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ತೋಳು) ಮತ್ತು ರಾಕರ್ ಶಾಫ್ಟ್ ಹಳೆಯದ್ದೇ. ತಣ್ಣಗಿರುವಾಗ ಎಂಟು ವಾಲ್ವಿಗೂ ಟ್ಯಾಪೆಟ್ ಗ್ಯಾಪ್ (ರಾಕರಿನ ಸ್ಕ್ರೂ ಮತ್ತು ವಾಲ್ವಿನ ತುದಿಯ ನಡುವಿನ ಸಂದು) 0.15 ಮಿ.ಮೀ. ಇಟ್ಟದ್ದು. ಸುರುವಿಗೆ ಶಬ್ದ ಇರಲಿಲ್ಲ, ನೂರು ಕಿ.ಮೀ. ಓಡುವಷ್ಟರಲ್ಲಿ ಟಕಟಕ ಬರಲಿಕ್ಕೆ ಹಿಡಿಯಿತು. ಬಿಸಿ ಎಂಜಿನ್ನಿನಲ್ಲಿ ಅಳೆದರೆ ಹೆಚ್ಚಿನವು 0.25, 3ನೇ ಎಕ್ಸಾಸ್ಟ್ ಮಾತ್ರ 0.40.

ಎರಡು ಸಂಶಯ. ಬಿಸಿಯಾದಾಗ ಲೋಹ ಹಿಗ್ಗಿ ಗ್ಯಾಪ್ ಕಡಿಮೆ ಆಗಬೇಕಲ್ಲ, ಇಲ್ಲಿ ಜಾಸ್ತಿ ಯಾಕೆ? 0.40 ಇರುವುದನ್ನು ಪುನಃ 0.15ಕ್ಕೆ ತಂದು ಓಡಿಸಬಹುದಾ?

ಕುಂಬಳೆ ಮೆಕ್ಯಾನಿಕ್

0.15ಕ್ಕೆ ತಂದು ಹಾಗೇ ಓಡಿಸಬೇಡಿ. ಮೊದಲು ಕಾರಣ ಹುಡುಕಿ.

ಆ ಎಂಜಿನ್ನಿಗೆ ತಣ್ಣಗಿರುವಾಗ 0.13ರಿಂದ 0.18, ಬಿಸಿಯಲ್ಲಿ 0.23ರಿಂದ 0.28, ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ ಅದೇ ಲೆಕ್ಕ. ಹಾಗಾಗಿ ಬಿಸಿಯಲ್ಲಿ 0.25 ಸಿಕ್ಕಿದ ವಾಲ್ವುಗಳು ಸರಿಯಾಗಿಯೇ ಉಂಟು, ಅವುಗಳನ್ನು ಮುಟ್ಟಬೇಡಿ. ಬಿಸಿಯಲ್ಲಿ 0.25 ಕಂಡು "ಸಡಿಲ ಆಗಿದೆ" ಅಂತ 0.15ಕ್ಕೆ ಬಿಗಿ ಮಾಡುವವರು ತುಂಬಾ ಜನ. ಮರುದಿನ ಬೆಳಿಗ್ಗೆ ತಣಿದಾಗ ಅಲ್ಲಿ ಸಾಕಷ್ಟು ಗ್ಯಾಪ್ ಉಳಿದಿರುವುದಿಲ್ಲ, ಸ್ಟಾರ್ಟಿಂಗ್ ಕಷ್ಟ, ಐಡ್ಲಿಂಗ್ ನಡುಗುತ್ತದೆ.

3ನೇ ಎಕ್ಸಾಸ್ಟಿನ 0.40 ಬೇರೆ ವಿಷಯ. ಸೆಟ್ ಮಾಡಿದ ಮೇಲೆ ಗ್ಯಾಪ್ ಹಿಗ್ಗಿತು ಅಂದರೆ ಮೂರರಲ್ಲಿ ಒಂದು: ಗ್ಯಾಪ್ ಇಡುವ ಸ್ಕ್ರೂವನ್ನು ಹಿಡಿಯುವ ಲಾಕ್ ನಟ್ ಜಾರಿದೆ, ಇಲ್ಲ ರಾಕರಿನ ಪ್ಯಾಡ್ (ಲೋಬಿಗೆ ತಾಗುವ ಭಾಗ) ಸವೆಯುತ್ತಾ ಉಂಟು, ಇಲ್ಲ ಹೊಸ ಲೋಬೇ ಸವೆಯುತ್ತಾ ಉಂಟು. ಗ್ಯಾಪ್ ಕುಗ್ಗುತ್ತಾ ಹೋಗುವುದಾದರೆ ದೋಷ ವಾಲ್ವಿನ ಕಡೆಗೆ: ವಾಲ್ವ್ ಕೂರುವ ಸೀಟ್ ಒಳಗೆ ಇಳಿಯುತ್ತಿದೆ ಅಥವಾ ವಾಲ್ವ್ ಎಳೆದು ಉದ್ದ ಆಗುತ್ತಿದೆ. ಈ ಒಂದು ವ್ಯತ್ಯಾಸ ತಿಳಿದರೆ ಯಾವ ಭಾಗ ಬಿಚ್ಚಬೇಕು ಅಂತ ಗೊತ್ತಾಗುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ರಾತ್ರಿ ಪೂರ್ತಿ ತಣಿಯಲು ಬಿಡಿ. ಬೆಳಿಗ್ಗೆ ಟ್ಯಾಪೆಟ್ ಕವರ್ ಬಿಚ್ಚಿ, 3ನೇ ಎಕ್ಸಾಸ್ಟ್ ಅಳೆದು ಬರೆದಿಡಿ. ಸ್ಕ್ರೂ ಮತ್ತು ನಟ್ಟಿನ ಮೇಲೆ ಅಡ್ಡಕ್ಕೆ ಒಂದು ಪೇಂಟ್ ಗೆರೆ ಎಳೆಯಿರಿ. ಹತ್ತು ಕಿ.ಮೀ. ಓಡಿಸಿ, ಪುನಃ ಪೂರ್ತಿ ತಣಿದ ಮೇಲೆ ನೋಡಿ. ಗೆರೆ ಮುರಿದಿದ್ದರೆ ನಟ್. ಗೆರೆ ನೇರ ಇದ್ದು ಗ್ಯಾಪ್ ಬೆಳೆದಿದ್ದರೆ ಪ್ಯಾಡ್ ಅಥವಾ ಲೋಬ್. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ರಾಕರ್ ಶಾಫ್ಟ್ ಹೊರಗೆ ತೆಗೆಯಿರಿ.

ನೀರ್ಚಾಲು ಮಾಷ್ಟ್ರು

ಬಿಸಿಯಲ್ಲಿ ಗ್ಯಾಪ್ ಯಾಕೆ ಹಿಗ್ಗುತ್ತದೆ ಎಂಬುದಕ್ಕೆ ಉತ್ತರ.

ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ, ವಾಲ್ವ್ ಉಕ್ಕು. ಕ್ಯಾಮ್, ರಾಕರ್ ಶಾಫ್ಟ್ ಎರಡೂ ಕೂತಿರುವುದು ಹೆಡ್ಡಿನಲ್ಲೇ. 100 ಮಿ.ಮೀ. ಉದ್ದದ ಅಲ್ಯೂಮಿನಿಯಂ 50 ಡಿಗ್ರಿ ಬಿಸಿಯಾದರೆ ಸಾಧಾರಣ 0.11 ಮಿ.ಮೀ. ಬೆಳೆಯುತ್ತದೆ, ಅಷ್ಟೇ ಉದ್ದದ ಉಕ್ಕು ಅದರ ಅರ್ಧ. ಹೆಡ್ ಬೆಳೆದು ರಾಕರನ್ನು ಮೇಲೆ ಒಯ್ಯುತ್ತದೆ, ವಾಲ್ವ್ ಅಷ್ಟು ಬೆಳೆಯುವುದಿಲ್ಲ, ನಡುವಿನ ಜಾಗ ಹಿಗ್ಗುತ್ತದೆ.

ಹಾಗಾದರೆ ಗ್ಯಾಪ್ ಇಡುವುದು ಯಾಕೆ ಅಂದರೆ, ಎಂಜಿನ್ ಎಳೆಯುತ್ತಿರುವ ಹೊತ್ತಿಗೆ ಎಕ್ಸಾಸ್ಟ್ ವಾಲ್ವಿನ ತಲೆ ಕೆಂಪಗಾಗುವಷ್ಟು ಕಾಯುತ್ತದೆ. ಪೆರ್ಲದ ಏರಿನಲ್ಲಿ ಎರಡನೇ ಗೇರಿನಲ್ಲಿ ಲೋಡ್ ಎಳೆಯುವಾಗ ಇರುವ ವಾಲ್ವಿನ ಉದ್ದ, ನೀವು ಗಾಡಿ ನಿಲ್ಲಿಸಿ ಕವರ್ ಬಿಚ್ಚುವಷ್ಟರಲ್ಲಿ ಇರುವುದಿಲ್ಲ. ಬಿಸಿ ಅಳತೆ ಅಂದರೆ ವಾಲ್ವ್ ತಣಿದು ಹೆಡ್ ಮಾತ್ರ ಬಿಸಿ ಉಳಿದಾಗಿನ ಅಳತೆ. ಅದಕ್ಕೇ ಕೂಲೆಂಟ್ 60ರಿಂದ 70 ಡಿಗ್ರಿ ಇರುವಾಗ ಅಳೆಯಬೇಕು ಅನ್ನುವುದು. ಮನೆಯಲ್ಲಿ ಅದನ್ನು ಹಿಡಿಯುವುದು ಕಷ್ಟ, ತಣ್ಣಗಿನ ಅಳತೆಯೇ ನಂಬಿಕೆಯದ್ದು.

ತಣ್ಣಗೆ ಅಂದರೆ 15ರಿಂದ 25 ಡಿಗ್ರಿ. ನಮ್ಮಲ್ಲಿ ಏಪ್ರಿಲ್‌ನ ಮಧ್ಯಾಹ್ನ ಗ್ಯಾರೇಜಿನ ಶೀಟಿನಡಿಯಲ್ಲಿ 35 ಮೇಲೆ ಹೋಗುತ್ತದೆ. ಹತ್ತು ಡಿಗ್ರಿಗೆ 0.01, 0.02 ಮಿ.ಮೀ. ವ್ಯತ್ಯಾಸ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಬೆಳಿಗ್ಗೆ ಅರ್ಧ, ಊಟ ಮಾಡಿ ಬಿಸಿಲಲ್ಲಿ ಇನ್ನರ್ಧ ಅಂತ ಮಾಡಬೇಡಿ.

ಮುಳ್ಳೇರಿಯ ಜೀಪು

ಎಂಟು ವಾಲ್ವಿಗೆ ಎಂಟು ಸಲ ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) ಹುಡುಕಬೇಕೆಂದಿಲ್ಲ, ಎರಡೇ ಸ್ಥಾನದಲ್ಲಿ ಮುಗಿಯುತ್ತದೆ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2, ಬೆಲ್ಟ್ ಕಡೆಯಿಂದ 1.

ನಾಲ್ಕೂ ಪ್ಲಗ್ ಬಿಚ್ಚಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎದುರಿನಿಂದ ನೋಡುವಾಗ ಗಡಿಯಾರದ ದಿಕ್ಕಿನಲ್ಲಿ ಮಾತ್ರ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಬೆಲ್ಟಿನ ಬಿಗಿ ಬದಿ ಬದಲಾಗಿ ಗುರುತು ಸುಳ್ಳು ಹೇಳುತ್ತದೆ. 4ನೇ ಸಿಲಿಂಡರಿನ ಎರಡು ರಾಕರ್ ನೋಡುತ್ತಾ ಇರಿ. ಎಕ್ಸಾಸ್ಟ್ ಮುಚ್ಚುತ್ತಾ, ಇನ್‌ಟೇಕ್ ತೆರೆಯಲಿಕ್ಕೆ ಹೊರಟ ಜಾಗದಲ್ಲಿ ನಿಲ್ಲಿಸಿ. ಈಗ 1ನೇದು ಕಂಪ್ರೆಶನ್ನಿನಲ್ಲಿ ಉಂಟು. ಈ ಸ್ಥಾನದಲ್ಲಿ 1ರ ಎರಡೂ, 2ರ ಇನ್‌ಟೇಕ್, 3ರ ಎಕ್ಸಾಸ್ಟ್ ಸೆಟ್ ಮಾಡಿ. ಒಂದು ಪೂರ್ತಿ ಸುತ್ತು ತಿರುಗಿಸಿ. ಈಗ 1ರ ರಾಕರ್‌ಗಳು ಅಲುಗುವ ಜಾಗಕ್ಕೆ (ಎಕ್ಸಾಸ್ಟ್ ಮುಚ್ಚಿ ಇನ್‌ಟೇಕ್ ತೆರೆಯುವ ಜಾಗ) ಬಂದವು. 4ರ ಎರಡೂ, 3ರ ಇನ್‌ಟೇಕ್, 2ರ ಎಕ್ಸಾಸ್ಟ್.

ಕ್ಯಾಮ್ ಪುಲ್ಲಿಯ ಗುರುತು ಕೂಡಿದ ಕೂಡಲೇ 1ನೇದು ಕಂಪ್ರೆಶನ್ ಅಂತ ತಿಳಿಯಬೇಡಿ. ಆ ಗುರುತು ಬೆಲ್ಟ್ ಕೂರಿಸಲಿಕ್ಕೆ ಇರುವುದು, ಎಂಜಿನ್ನಿಂದ ಎಂಜಿನ್ನಿಗೆ ಬೇರೆ ಇರುತ್ತದೆ. ಲೋಬ್ ಎಲ್ಲಿ ತಿರುಗಿದೆ ಅಂತ ಕಣ್ಣಾರೆ ನೋಡಿ.

ಪೆರ್ಲ ತೋಟ

ಮುಳ್ಳೇರಿಯದವರೇ, ನಾನು ಒಂದೊಂದೇ ಸಿಲಿಂಡರ್ ಮಾಡಿದ್ದು, 4 ಅಲುಗುವಾಗ 1, 2 ಅಲುಗುವಾಗ 3, 1ಕ್ಕೆ 4, 3ಕ್ಕೆ 2. ಅದರಲ್ಲಿ ದೋಷ ಉಂಟಾ?

ಮುಳ್ಳೇರಿಯ ಜೀಪು

ಇಲ್ಲ, ಹೊಸ ಕ್ಯಾಮಿಗೆ ಅದೇ ಹೆಚ್ಚು ಒಳ್ಳೆಯದು. ಎರಡೂ ವಾಲ್ವ್ ಲೋಬಿನ ಬೆನ್ನಿನ, ಅಂದರೆ ಉಬ್ಬಿಲ್ಲದ ದುಂಡು ಭಾಗದ, ಸರೀ ನಡುವಿಗೆ ಬರುತ್ತವೆ. ಎರಡು ಸ್ಥಾನದ ಕ್ರಮದಲ್ಲಿ 2ರ ಇನ್‌ಟೇಕ್, 3ರ ಎಕ್ಸಾಸ್ಟ್ ಬೆನ್ನಿನ ಅಂಚಿಗೆ ಹತ್ತಿರ ಇರುತ್ತವೆ.

ಉಪ್ಪಳ ಲೇತ್

ಮಾರಾಯ್ರೆ, ಹಳೇ ರಾಕರ್ ಹೊಸ ಕ್ಯಾಮಿಗೆ ಹಾಕಿದ್ದೇ ಇಲ್ಲಿಯ ದೊಡ್ಡ ವಿಷಯ, ಅದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಈ ಎಂಜಿನ್ನಿನಲ್ಲಿ ರಾಕರಿನ ಒಂದು ತುದಿಯ ಪ್ಯಾಡ್ ಲೋಬಿನ ಮೇಲೆ ಉಜ್ಜುತ್ತಾ ಹೋಗುತ್ತದೆ, ರೋಲರ್ ಇಲ್ಲ. ಹಳೇ ಲೋಬ್ ಸವೆಯುವಾಗ ಪ್ಯಾಡ್ ಕೂಡ ಸವೆದು ಗೆರೆ ಬಿದ್ದಿರುತ್ತದೆ. ಆ ಗೆರೆಯ ಅಂಚು ಹೊಸ ಲೋಬಿನ ಮೇಲೆ ಒಂದು ಕಡೆ ಮಾತ್ರ ಒತ್ತುತ್ತದೆ, ಎಣ್ಣೆಯ ಪದರ ಅಲ್ಲಿ ಹರಿದುಹೋಗುತ್ತದೆ. ಮೊದಲ ಅರ್ಧ ಗಂಟೆಯಲ್ಲೇ ಲೋಬಿನ ಕೆಲಸ ಮುಗಿಯುತ್ತದೆ. ಹೊಸ ಕ್ಯಾಮಿಗೆ ಎಂಟೂ ರಾಕರ್ ಹೊಸದೇ ಹಾಕಬೇಕು. ಖರ್ಚು ಅನಿಸಿದರೂ ಎರಡನೇ ಕ್ಯಾಮಿಗಿಂತ ಕಡಿಮೆ.

ಬಿಚ್ಚಿದ ಮೇಲೆ ಹೀಗೆ ನೋಡಿ. ಪ್ಯಾಡಿನ ಮೇಲೆ ಉಗುರು ಅಡ್ಡಕ್ಕೆ ಎಳೆಯಿರಿ, ಎಲ್ಲಿಯಾದರೂ ಸಿಕ್ಕಿದರೆ ಆ ರಾಕರ್ ಬೇಡ. ನುಣುಪಾಗಿ ಕನ್ನಡಿಯ ಹಾಗೆ ಇರಬೇಕು, ಕೊಂಚ ಉಬ್ಬಿರಬೇಕು. ಗ್ರೈಂಡರಿನಲ್ಲಿ ಕೈಯಿಂದ ಹಿಡಿದು ಉಜ್ಜಿ ನುಣುಪು ಮಾಡುತ್ತಾರೆ ಕೆಲವರು. ಆ ಉಬ್ಬಿನ ತ್ರಿಜ್ಯ ಹಾಳಾದರೆ ವಾಲ್ವ್ ತೆರೆಯುವ ಹೊತ್ತೇ ಬದಲಾಗುತ್ತದೆ, ಮೇಲಿನ ಗಟ್ಟಿ ಪದರವೂ ಹೋಗುತ್ತದೆ.

ಕ್ಯಾಮಿಗೆ ಮೈಕ್ರೋಮೀಟರ್: ಲೋಬಿನ ತುದಿಯಿಂದ ಬೆನ್ನಿನವರೆಗೆ ಒಂದು ಅಳತೆ. ನಾಲ್ಕು ಎಕ್ಸಾಸ್ಟ್ ಲೋಬುಗಳನ್ನು ತಮ್ಮತಮ್ಮೊಳಗೆ ಹೋಲಿಸಿ, ನಾಲ್ಕು ಇನ್‌ಟೇಕ್ ಬೇರೆ. ಹೊಸ ಕ್ಯಾಮಿನಲ್ಲಿ ಒಂದು ಮಾತ್ರ 0.10 ಕಡಿಮೆ ಬಂದರೆ ಅದು ಸವೆದಿದೆ. ತುದಿಯಲ್ಲಿ ಬೆಳ್ಳಿಯ ಬಣ್ಣದ ಪಟ್ಟಿ, ಪಕ್ಕದಲ್ಲಿ ಬೂದು ಬಣ್ಣ ಹಾಗೇ ಇದ್ದರೆ ಎಲ್ಲಿ ಒತ್ತಡ ಬಿದ್ದಿದೆ ಅಂತ ಬರಿಗಣ್ಣಿಗೂ ಕಾಣುತ್ತದೆ. ಪಟ್ಟಿ ಲೋಬಿನ ಅಗಲಕ್ಕೆ ಸಮ ಇರಬೇಕು.

ವೆಲ್ಡ್ ಮಾಡಿ ಗ್ರೈಂಡ್ ಮಾಡಿದ ಕ್ಯಾಮ್ ಹಾಕುವವರಿಗೆ ಒಂದು ಮಾತು. ಗ್ರೈಂಡ್ ಮಾಡುವಾಗ ಬೆನ್ನಿನ ವ್ಯಾಸ ಕಡಿಮೆ ಆಗಿರುತ್ತದೆ. ವ್ಯಾಸ 1 ಮಿ.ಮೀ. ಇಳಿದರೆ ಪ್ಯಾಡ್ 0.5 ಕೆಳಗೆ ಬರುತ್ತದೆ, ಅದನ್ನು ತುಂಬಲು ಸ್ಕ್ರೂ ವಾಲ್ವಿನ ಕಡೆಗೆ ಸುಮಾರು ಅಷ್ಟು ಹೊರಗೆ ಬರಬೇಕು, ವಾಲ್ವಿನ ಮೇಲಿನ ತುದಿಯಲ್ಲಿ ಅದು ಕೂರುವ ಜಾಗವೂ ಸರಿಯುತ್ತದೆ. ಬೆನ್ನು ಸರೀ ದುಂಡಗೆ ಬಂದಿದೆಯಾ ಅಂತ ನೋಡಲು, ಬೆನ್ನಿನ ಮೇಲೆ ಮೂರು ಜಾಗದಲ್ಲಿ ಗ್ಯಾಪ್ ಅಳೆಯಿರಿ. ವ್ಯತ್ಯಾಸ 0.03 ದಾಟಿದರೆ ಕ್ಯಾಮ್ ವಾಪಸ್ ಕೊಡಿ. ಕೊಡಲಿಕ್ಕೆ ಆಗದಿದ್ದರೆ ಅತಿ ಕಡಿಮೆ ಗ್ಯಾಪ್ ಸಿಗುವ ಜಾಗದಲ್ಲಿ ಸೆಟ್ ಮಾಡಿ, ಉಳಿದ ಕಡೆ ಸ್ವಲ್ಪ ಶಬ್ದ ಇರಲಿ.

ಕುಂಬಳೆ ಮೆಕ್ಯಾನಿಕ್

ಉಪ್ಪಳದವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಮೊದಲನೇ ಕ್ಯಾಮ್ ಯಾಕೆ ಹಾಳಾಯಿತು ಅಂತ ನೋಡದೆ ಹೊಸದು ಕೂರಿಸಬೇಡಿ. ರಾಕರ್ ಶಾಫ್ಟ್ ಒಳಗಿನಿಂದ ಎಣ್ಣೆ ಹೋಗುವುದು. ಅದರೊಳಗೆ ಕಪ್ಪು ಕೆಸರು ಕಟ್ಟಿರುತ್ತದೆ, ಹಾಗಾಗಿ ಒಂದೆರಡು ರಾಕರಿಗೆ ಎಣ್ಣೆ ಸಿಗುವುದಿಲ್ಲ. ತೆಳು ತಂತಿ ಹಾಕಿ, ಡೀಸೆಲಿನಲ್ಲಿ ನೆನೆಸಿ, ಗಾಳಿ ಹೊಡೆಯಿರಿ, ಪ್ರತಿ ತೂತಿನಿಂದ ಬೆಳಕು ಕಾಣಬೇಕು. ಇನ್‌ಟೇಕ್ ಶಾಫ್ಟ್, ಎಕ್ಸಾಸ್ಟ್ ಶಾಫ್ಟ್ ಒಂದೇ ಅಲ್ಲ, ಎರಡು ತುದಿಯೂ ಒಂದೇ ಅಲ್ಲ. ತೆಗೆಯುವಾಗಲೇ ಯಾವುದು ಯಾವ ಕಡೆಗೆ ಅಂತ ಗುರುತು ಹಾಕಿ. ತಿರುವುಮುರುವು ಆದರೆ ಎಣ್ಣೆಯ ದಾರಿ ಮುಚ್ಚುತ್ತದೆ, ಕೆಲವೇ ನಿಮಿಷದಲ್ಲಿ ಎಲ್ಲ ಸುಟ್ಟುಹೋಗುತ್ತದೆ.

ಬಿಗಿ: ರಾಕರ್ ಶಾಫ್ಟಿನ ಸ್ಕ್ರೂ 9ರಿಂದ 12 ನ್ಯೂಟನ್ ಮೀಟರ್, ಲಾಕ್ ನಟ್ 15ರಿಂದ 20, ಟ್ಯಾಪೆಟ್ ಕವರ್ 4ರಿಂದ 5. ಕವರನ್ನು ಎಲ್ಲರೂ ಜಾಸ್ತಿ ಬಿಗಿ ಮಾಡುತ್ತಾರೆ, ಕವರ್ ಬಾಗಿ ಎಣ್ಣೆ ಸೋರುವುದು ಅದರಿಂದಲೇ.

ಮಂಜೇಶ್ವರ ಬುಲೆಟ್

ವಿಷಯ ಹತ್ತಿರದ್ದೇ ಆದ್ದರಿಂದ ಕೇಳುತ್ತೇನೆ. ಹಳೇ ಕಾಸ್ಟ್ ಐರನ್ ಬುಲೆಟ್ 350ಕ್ಕೆ ಎರಡೂ ಕ್ಯಾಮ್ ಹೊಸದು ಹಾಕುತ್ತಾ ಇದ್ದೇವೆ. ಇಲ್ಲಿ ಫಿಲ್ಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಎಲೆಗಳು) ಬೇಡ, ತಣ್ಣಗಿರುವಾಗ ಕಂಪ್ರೆಶನ್ ಟಿಡಿಸಿಯಲ್ಲಿ ಪುಶ್ ರಾಡ್ (ಕ್ಯಾಮ್ ಕಡೆಯಿಂದ ರಾಕರನ್ನು ತಳ್ಳುವ ಸರಳು) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು ಅಂತ ಲೆಕ್ಕ. ಹೊಸ ಕ್ಯಾಮಿಗೂ ಅದೇ ತಾನೇ?

ಮುಳ್ಳೇರಿಯ ಜೀಪು

ಅದೇ. ಆದರೆ ಹೊಸ ಕ್ಯಾಮ್, ಹೊಸ ಫಾಲೋವರ್ (ಕ್ಯಾಮಿಗೆ ತಾಗಿ ಪುಶ್ ರಾಡನ್ನು ಎತ್ತುವ ಭಾಗ) ಸೇರಿ ಕೂರುವವರೆಗೆ ತಿರುಗುವುದು ತುಸು ಸಲೀಸೇ ಇರಲಿ, ಬಿಗಿ ಕಡೆಗೆ ಬೇಡ. ಮೊದಲ ಓಟ ಮುಗಿದು ತಣಿದ ಮೇಲೆ ಪುನಃ ನೋಡಿ. ಯೂಸಿಇ (ಗೇರ್ ಬಾಕ್ಸ್ ಒಟ್ಟಿಗೇ ಇರುವ) ಎಂಜಿನ್ ಆದರೆ ಹೈಡ್ರಾಲಿಕ್ ಟ್ಯಾಪೆಟ್, ಅಲ್ಲಿ ಸೆಟ್ ಮಾಡಲಿಕ್ಕೆ ಏನೂ ಇಲ್ಲ.

ಪುಶ್ ರಾಡ್ ಇರುವ ಹಳೇ ಡೀಸೆಲ್ ಜೀಪಿನವರಿಗೆ ಎರಡು ವಿಷಯ. ಒಂದು, ಹೆಡ್ ಬೋಲ್ಟ್ ಪುನಃ ಬಿಗಿ ಮಾಡುವುದಿದ್ದರೆ ಅದು ಮೊದಲು, ಟ್ಯಾಪೆಟ್ ಆಮೇಲೆ. ಕ್ಯಾಮ್ ಬ್ಲಾಕಿನಲ್ಲಿ, ರಾಕರ್ ಹೆಡ್ಡಿನ ಮೇಲೆ. ಗ್ಯಾಸ್ಕೆಟ್ ಒತ್ತಿ ಹೆಡ್ ಕೆಳಗಿಳಿದಷ್ಟೂ ಗ್ಯಾಪ್ ಕಡಿಮೆ ಆಗುತ್ತದೆ. ಜಿಪ್ಸಿಯಲ್ಲಿ ಕ್ಯಾಮೂ ಹೆಡ್ಡಿನಲ್ಲೇ ಇರುವುದರಿಂದ ಆ ತೊಂದರೆ ಇಲ್ಲ.

ಎರಡು, ಫಾಲೋವರಿನ ಅಡಿ ಚಪ್ಪಟೆ ಕಂಡರೂ ಅದು ಚೂರು ಉಬ್ಬಿರುತ್ತದೆ, ಲೋಬಿಗೆ ಒಂದು ಕಡೆಗೆ ಓರೆ ಕೊಟ್ಟಿರುತ್ತಾರೆ. ಹಾಗಾಗಿ ಪ್ರತಿ ಸಲ ಎತ್ತುವಾಗ ಫಾಲೋವರ್ ತನ್ನಷ್ಟಕ್ಕೆ ತಿರುಗುತ್ತದೆ. ಹೊಸ ಕ್ಯಾಮ್ ಹಾಕಿ ಐಡ್ಲಿಂಗಿನಲ್ಲಿ ಕವರ್ ತೆಗೆದು ನೋಡಿದರೆ ಪುಶ್ ರಾಡುಗಳೆಲ್ಲ ನಿಧಾನ ಸುತ್ತುತ್ತಿರಬೇಕು. ಒಂದು ರಾಡ್ ಸುತ್ತದೆ ಸುಮ್ಮನೆ ಮೇಲೆ ಕೆಳಗೆ ಹೋಗುತ್ತಿದ್ದರೆ ಆ ಲೋಬ್ ಬಾಳುವುದಿಲ್ಲ, ಕೂಡಲೇ ನಿಲ್ಲಿಸಿ.

ಪೆರ್ಲ ತೋಟ

ಬಿಚ್ಚಿ ನೋಡಿದೆವು. ಲಾಕ್ ನಟ್ಟಿನ ಗೆರೆ ನೇರ ಉಂಟು. 3ನೇ ಎಕ್ಸಾಸ್ಟ್ ರಾಕರಿನ ಪ್ಯಾಡಿನಲ್ಲಿ ಉಗುರು ಸಿಕ್ಕುವ ಗೆರೆ. ಆ ಲೋಬ್ ಉಳಿದ ಮೂರು ಎಕ್ಸಾಸ್ಟ್ ಲೋಬಿಗಿಂತ 0.12 ಕಡಿಮೆ, ಬೆಳ್ಳಿ ಪಟ್ಟಿ ಅರ್ಧ ಅಗಲಕ್ಕೆ ಮಾತ್ರ. ಎಕ್ಸಾಸ್ಟ್ ಶಾಫ್ಟಿನಲ್ಲಿ 3ನೇ ರಾಕರಿನ ತೂತು ಪೂರಾ ಮುಚ್ಚಿತ್ತು. ಲೋಬನ್ನು ಪಾಲಿಶ್ ಮಾಡಿ ಉಪಯೋಗಿಸಬಹುದಾ?

ಉಪ್ಪಳ ಲೇತ್

ಬೇಡ. ಒಮ್ಮೆ ಗೀರು ಬಿದ್ದ ಲೋಬ್ ಹೊಸ ಪ್ಯಾಡನ್ನೂ ತಿನ್ನುತ್ತದೆ. ಕ್ಯಾಮ್, ಎಂಟು ರಾಕರ್ ಒಟ್ಟಿಗೇ ಹೊಸದು. ಶಾಫ್ಟ್ ತೊಳೆದ ಮೇಲೆ ರಾಕರ್ ಕೂರುವ ಜಾಗದಲ್ಲಿ ಮೆಟ್ಟಿಲು ಕಾಣುತ್ತದಾ ನೋಡಿ, ಇದ್ದರೆ ಅದೂ ಬದಲಿಸಿ.

ಕುಂಬಳೆ ಮೆಕ್ಯಾನಿಕ್

ಜೋಡಿಸುವಾಗ ಈ ಕ್ರಮ ಹಿಡಿಯಿರಿ.

ಗ್ಯಾಪ್ ಇಡುವ ಎಂಟೂ ಸ್ಕ್ರೂ ಪೂರ್ತಿ ಸಡಿಲ ಬಿಟ್ಟು ರಾಕರ್ ಶಾಫ್ಟ್ ಕೂರಿಸಿ. ಬಿಗಿ ಸ್ಕ್ರೂ ಇರುವಾಗ ಶಾಫ್ಟ್ ಬಿಗಿದರೆ ವಾಲ್ವ್ ತೆರೆದ ಸ್ಥಿತಿಯಲ್ಲಿ ಎಲ್ಲ ಒತ್ತಡ ಒಂದೇ ಕಡೆಗೆ ಬೀಳುತ್ತದೆ. ಕ್ಯಾಮಿನ ಜರ್ನಲಿಗೆ (ಹೆಡ್ಡಿನಲ್ಲಿ ಕೂತು ತಿರುಗುವ ಭಾಗ) ಎಂಜಿನ್ ಆಯಿಲ್, ಲೋಬ್ ಮತ್ತು ಪ್ಯಾಡಿಗೆ ಮಾಲಿಬ್ಡಿನಂ ಇರುವ ಅಸೆಂಬ್ಲಿ ಪೇಸ್ಟ್ ಬೆರಳಿನಲ್ಲಿ ತೆಳ್ಳಗೆ ಬಳಿಯಿರಿ. ಬೆಲ್ಟ್ ಹಾಕಿ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಪುನಃ ನೋಡಿ. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು. ಎಲ್ಲಿಯಾದರೂ ಗಟ್ಟಿ ತಡೆ ಸಿಕ್ಕಿದರೆ ಬಲ ಹಾಕಬೇಡಿ.

ಈಗ ಗ್ಯಾಪ್. ಫಿಲ್ಲರ್ ಗೇಜ್ ಒರೆಸಿ, ಬಾಗಿದ ಎಲೆ ಎಸೆಯಿರಿ. 0.15ರ ಎಲೆ ತುಸು ಹಿಡಿದು ಜಾರಬೇಕು, 0.20 ಒಳಗೆ ಹೋಗಲೇಬಾರದು. ಎರಡನ್ನೂ ನೋಡಿದರೆ ಮಾತ್ರ ಕೈಯ ಅಂದಾಜು ಸರಿಯಾಗುತ್ತದೆ. ಸ್ಕ್ರೂ ಡ್ರೈವರಿನಿಂದ ಸ್ಕ್ರೂ ಹಿಡಿದು ರಿಂಗ್ ಸ್ಪ್ಯಾನರಿನಿಂದ ನಟ್ ಬಿಗಿಯಿರಿ. ಸ್ಕ್ರೂ ಜತೆಗೆ ತಿರುಗಿದರೆ ಗ್ಯಾಪ್ ಕುಗ್ಗುತ್ತದೆ. ತಿರುಗದಿದ್ದರೂ ನಟ್ ಸ್ಕ್ರೂವನ್ನು ಥ್ರೆಡ್ಡಿನ ಸಡಿಲದಷ್ಟು ಮೇಲೆ ಎಳೆದು ಗ್ಯಾಪ್ ಚೂರು ಹಿಗ್ಗಿಸುತ್ತದೆ. ಹಾಗಾಗಿ ನಟ್ ಬಿಗಿದ ಮೇಲಿನ ಅಳತೆಯೇ ಅಳತೆ.

ನೀರ್ಚಾಲು ಮಾಷ್ಟ್ರು

ಅಳತೆಯಲ್ಲಿ ಇನ್ನೊಂದು ಮೋಸ ಉಂಟು. ವಾಲ್ವಿನ ಮೇಲಿನ ತುದಿಯಲ್ಲಿ ಹಳೇ ಸ್ಕ್ರೂ ಕುಟ್ಟಿ ಸಣ್ಣ ಗುಂಡಿ ಬಿದ್ದಿದ್ದರೆ, ಫಿಲ್ಲರ್ ಎಲೆ ಗುಂಡಿಯ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ಗುಂಡಿ 0.05 ಆಳ ಇದ್ದರೆ ನೀವು 0.15 ಅಂದುಕೊಂಡದ್ದು ನಿಜದಲ್ಲಿ 0.20. ಆ ಒಂದು ವಾಲ್ವ್ ಎಷ್ಟು ಸೆಟ್ ಮಾಡಿದರೂ ಶಬ್ದ ಮಾಡುವುದು ಇದರಿಂದ.

ಡಯಲ್ ಗೇಜ್ ಇದ್ದರೆ ಅದರ ಮುಳ್ಳನ್ನು ಸ್ಕ್ರೂವಿನ ನೇರ ಮೇಲೆ ನಿಲ್ಲಿಸಿ, ರಾಕರನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ಓದಿ. ಇಲ್ಲವಾದರೆ ಸ್ಕ್ರೂವಿನ ಥ್ರೆಡ್ ಪಿಚ್ ತಿಳಿದುಕೊಳ್ಳಿ. ಪಿಚ್ 0.75 ಆದರೆ, ಗ್ಯಾಪ್ ಸೊನ್ನೆಯಾಗುವವರೆಗೆ ಬೆರಳಲ್ಲಿ ಮೆಲ್ಲ ಇಳಿಸಿ, ಅಲ್ಲಿಂದ ಸುತ್ತಿನ ಐದರಲ್ಲಿ ಒಂದು ಭಾಗ, ಅಂದರೆ 72 ಡಿಗ್ರಿ ಹಿಂದಕ್ಕೆ ತಿರುಗಿಸಿದರೆ 0.15 ಸಿಕ್ಕಿತು.

ಪೆರ್ಲ ತೋಟ

ಮೊದಲ ಸ್ಟಾರ್ಟಿಗೆ ಏನು ಜಾಗ್ರತೆ? ಆಯಿಲ್ ಯಾವುದು?

ಕುಂಬಳೆ ಮೆಕ್ಯಾನಿಕ್

ಇಗ್ನಿಶನ್ ಕಾಯಿಲಿನ ದಪ್ಪ ವಯರ್ ತೆಗೆದು ಗಾಡಿಯ ಬಾಡಿಗೆ ಅರ್ತ್ ಮಾಡಿ. ಪ್ಲಗ್ ಬಿಚ್ಚಿಯೇ ಇರಲಿ, ಟ್ಯಾಪೆಟ್ ಕವರ್ ತೆರೆದೇ ಇರಲಿ. ಸೆಲ್ಫ್ ಹತ್ತು ಸೆಕೆಂಡ್ ಹೊಡೆದು ಬಿಡಿ, ಪುನಃ ಹತ್ತು. ಎಂಟೂ ರಾಕರಿನಿಂದ ಎಣ್ಣೆ ಒಸರುವುದು ಕಂಡ ಮೇಲೆ ಮಾತ್ರ ಪ್ಲಗ್, ಕವರ್ ಹಾಕಿ.

ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗಿನಲ್ಲಿ ಬಿಡಬೇಡಿ, ಆಕ್ಸಿಲರೇಟರ್ ಹಿಡಿದು 1,500ರಿಂದ 2,000 ಆರ್‌ಪಿಎಂ ನಡುವೆ 15ರಿಂದ 20 ನಿಮಿಷ ಮೇಲೆ ಕೆಳಗೆ ಮಾಡುತ್ತಾ ಇರಿ. ಐಡ್ಲಿಂಗಿನಲ್ಲಿ ಎಣ್ಣೆಯ ಒತ್ತಡ ಕಡಿಮೆ, ಲೋಬಿನ ತುದಿಯ ಮೇಲೆ ವಾಲ್ವ್ ಸ್ಪ್ರಿಂಗಿನ ಪೂರ್ತಿ ಭಾರ. ಕಾರ್ಬುರೇಟರಿನಲ್ಲಿ ಪೆಟ್ರೋಲ್, ಇಗ್ನಿಶನ್ ಟೈಮಿಂಗ್ ಮೊದಲೇ ಸರಿ ಇರಬೇಕು. ಸ್ಟಾರ್ಟ್ ಆಗದೆ ಸೆಲ್ಫ್ ಹೊಡೆಯುತ್ತಾ ಇದ್ದರೆ ಪೇಸ್ಟೆಲ್ಲ ಉಜ್ಜಿ ಹೋಗುತ್ತದೆ.

ಉಪ್ಪಳ ಲೇತ್

ಆಯಿಲ್ 20ಡಬ್ಲ್ಯೂ40. ಹೊಸ ಕಾರಿಗೆ ಬರುವ 5ಡಬ್ಲ್ಯೂ30 ತೆಳು ಆಯಿಲ್ ಒಳ್ಳೆಯದೆಂದು ಇದಕ್ಕೆ ಹಾಕಬೇಡಿ. ಉಜ್ಜುವ ಲೋಬಿಗೆ ಬೇಕಾದ್ದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಅಂಶ. ಎಸ್‌ಎನ್ ದರ್ಜೆಯಲ್ಲಿ (ಆಯಿಲಿನ ಡಬ್ಬದ ಮೇಲೆ ಬರೆಯುವ ಗುಣಮಟ್ಟದ ಗುರುತು) ತೆಳು ಗ್ರೇಡುಗಳಿಗೆ ರಂಜಕ ಶೇ. 0.08 ದಾಟಬಾರದು ಎಂಬ ಮಿತಿ ಉಂಟು, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದೆಂದು. 20ಡಬ್ಲ್ಯೂ40ಗೆ ಆ ಮಿತಿ ಇಲ್ಲ.

ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ಮೂರು ಕಿ.ಮೀ. ಹೋಗಿ ಬರುವ ಗಾಡಿಗಳಲ್ಲಿ ಆಯಿಲ್ ತುಂಬುವ ಕ್ಯಾಪಿನ ಅಡಿಯಲ್ಲಿ ಹಾಲಿನ ಕೆನೆಯ ಬಣ್ಣದ ಲೋಳೆ ಕಾಣುತ್ತದೆ. ನೀರಿನ ಅಂಶ ಆವಿಯಾಗಿ ಹೋಗುವಷ್ಟು ಎಂಜಿನ್ ಬಿಸಿಯಾಗುವುದಿಲ್ಲ. ಅಂಥ ಗಾಡಿಗೆ ಕಿ.ಮೀ. ಲೆಕ್ಕ ಬಿಟ್ಟು ಜೂನ್ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಆಯಿಲ್ ಬದಲಿಸಿ. ಶಾಫ್ಟಿನ ತೂತು ಮುಚ್ಚುವುದು ಈ ಲೋಳೆ ಗಟ್ಟಿಯಾಗಿಯೇ.

ಪೆರ್ಲ ತೋಟ

ಎಲ್ಲ ಹೊಸದು ಹಾಕಿ 0.15 ಸೆಟ್ ಮಾಡಿ ಆಯಿತು. ಎಂಟೂ ರಾಕರಿಗೆ ಎಣ್ಣೆ ಬರುತ್ತದೆ. ಮೆಲ್ಲಗೆ ಹೊಲಿಗೆ ಮಿಶಿನಿನ ಶಬ್ದ ಉಂಟು, ಎಂಟರಿಂದಲೂ ಒಂದೇ ರೀತಿ. ಇದನ್ನು ಇನ್ನೂ ಕಡಿಮೆ ಮಾಡಬೇಕಾ?

ಕುಂಬಳೆ ಮೆಕ್ಯಾನಿಕ್

ಬೇಡ, ಅದು ಹಾಗೇ ಇರಲಿ. ಶಬ್ದ ಪೂರ್ತಿ ನಿಲ್ಲಿಸಲು 0.08, 0.10ಕ್ಕೆ ಬಿಗಿ ಮಾಡುವವರಿದ್ದಾರೆ. ಎಕ್ಸಾಸ್ಟ್ ವಾಲ್ವಿನ ಬಿಸಿಯಲ್ಲಿ ಹೆಚ್ಚಿನ ಪಾಲು ಇಳಿದುಹೋಗುವುದು ಅದು ಸೀಟಿಗೆ ತಾಗಿ ಕೂತ ಹೊತ್ತಿನಲ್ಲಿ. ಗ್ಯಾಪ್ ಇಲ್ಲದಿದ್ದರೆ ಅದು ಪೂರ್ತಿ ಕೂರುವುದಿಲ್ಲ, ಅಂಚಿನಲ್ಲಿ ಒಂದು ಕಡೆ ಸುಟ್ಟು ಬಾಯಿ ತೆರೆಯುತ್ತದೆ, ಕಂಪ್ರೆಶನ್ ಹೋಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಸಡಿಲ ಇದ್ದರೆ ಕಿವಿಗೆ ಗೊತ್ತಾಗುತ್ತದೆ, ಬಿಗಿ ಇದ್ದರೆ ಸುಡುವವರೆಗೂ ಗೊತ್ತಾಗುವುದಿಲ್ಲ.

500 ಕಿ.ಮೀ. ಆದಾಗ ಆಯಿಲ್, ಫಿಲ್ಟರ್ ಬದಲಿಸಿ, ತಣ್ಣಗಿರುವಾಗ ಎಂಟನ್ನೂ ಅಳೆದು ಒಂದು ಕಾಗದದಲ್ಲಿ ಬರೆದು ಗಾಡಿಯಲ್ಲೇ ಇಡಿ. 0.02, 0.03 ಹಿಗ್ಗಿದ್ದರೆ ಹೊಂದಿಕೊಂಡದ್ದು, 0.15ಕ್ಕೆ ತನ್ನಿ. ಒಂದೇ ಒಂದು 0.05 ದಾಟಿ ಹಿಗ್ಗಿದ್ದರೆ ಆ ರಾಕರ್ ತೆಗೆದು ಪ್ಯಾಡ್ ನೋಡಿ. 1,000ಕ್ಕೆ ಇನ್ನೊಮ್ಮೆ, ಆಮೇಲೆ 10,000ಕ್ಕೆ ಒಂದು ಸಲ ಸಾಕು.